ದವಡೆಯ ಕೀಲು ಮತ್ತು ಮಕ್ಕಳ ಬೆಳವಣಿಗೆ



ವಿದ್ಯಾರ್ಥಿಗಳೇ, ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಸರಿದಾಡುವುದೇ ದವಡೆಯ ಕೀಲು. ಅಲ್ಲಿ ಕೆಳದವಡೆಯ ತುದಿಗೆ ಮೃದ್ವಸ್ಥಿಯ ಹೊದಿಕೆ ಇದೆ. ಮಕ್ಕಳಲ್ಲಿ ಈ ಹೊದಿಕೆಯ ಜೀವಕೋಶಗಳು ವಿಭಜನೆಗೊಂಡು ಮೃದ್ವಸ್ಥಿಯನ್ನು ಕಟ್ಟುತ್ತವೆ. ಕ್ರಮೇಣ ಅದರ ಜಾಗದಲ್ಲಿ ಮೂಳೆ ಬೆಳೆಯುತ್ತದೆ. ಕೆಳದವಡೆಯ ಬೆಳವಣಿಗೆಯಲ್ಲಿ ಇದರ ಪಾತ್ರ ಬಹಳ ದೊಡ್ಡದು.

ಈ ಜೀವಕೋಶಗಳಿಗೆ 'ಬೆಳೆಯಿರಿ' ಎಂಬ ಸಂದೇಶ ಕೊಡುವವು ಯಾವುವು? ಬೆಳವಣಿಗೆ ಪ್ರಚೋದಕಗಳು, ಅಂದರೆ ಗ್ರೋತ್ ಫ್ಯಾಕ್ಟರ್‌ಗಳು ಎಂಬ ಪ್ರೋಟೀನುಗಳು. ಇಂಥ ಪ್ರೋಟೀನುಗಳನ್ನು ಕಂಡುಹಿಡಿದ ಸ್ಟಾನ್ಲಿ ಕೊಹೆನ್ ಮತ್ತು ರೀಟಾ ಲೆವಿ ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಪ್ರಾಣಿಗಳ ದವಡೆ ಕೀಲಿನ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ವಿಜ್ಞಾನಿಗಳು ಇವುಗಳನ್ನು ಪರೀಕ್ಷಿಸಿದ್ದಾರೆ. ಇನ್ಸುಲಿನ್‌ನಂಥ ಪ್ರಚೋದಕವಾದ ಐಜಿಎಫ್-1 ಜೀವಕೋಶಗಳ ಸಂಖ್ಯೆಯನ್ನೂ ಅವು ತಯಾರಿಸುವ ಕೊಲಾಜೆನ್ ಮೊದಲಾದ ಪದಾರ್ಥಗಳನ್ನೂ ಹೆಚ್ಚಿಸುತ್ತದೆ. ಎಫ್‌ಜಿಎಫ್-2 ಮುಖ್ಯವಾಗಿ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಟಿಜಿಎಫ್-ಬೀಟಾದ ಪರಿಣಾಮವು ಪ್ರಮಾಣ ಮತ್ತು ಸಮಯವನ್ನು ಅವಲಂಬಿಸಿದೆ. ಗೊಬ್ಬರ ಸುರಿದಷ್ಟೂ ಕಾಫಿ ಗಿಡದಲ್ಲಿ ಕಾಯಿ ಹೆಚ್ಚುವುದಿಲ್ಲ, ಬರೀ ಚಿಗುರು ಹೆಚ್ಚಬಹುದು ಎಂಬುದು ನಿಮಗೆ ಗೊತ್ತು. ಇಲ್ಲಿಯೂ ಹಾಗೆಯೇ. ಜೀವಕೋಶಗಳು ಹೆಚ್ಚಿದ ಮಾತ್ರಕ್ಕೆ ಗಟ್ಟಿ ಮೃದ್ವಸ್ಥಿ ಆಗುವುದಿಲ್ಲ.

ಇನ್ನೊಂದು ಅಗತ್ಯ ಚಲನೆ. ಬರೀ ಮೆತ್ತನೆಯ ಆಹಾರ ತಿಂದ ಎಳೆಯ ಇಲಿಗಳಲ್ಲಿ ಈ ಮೃದ್ವಸ್ಥಿ ತೆಳುವಾದದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ. ಅಗಿಯುವ ಒತ್ತಡವೂ ಜೀವಕೋಶಗಳಿಗೆ ಒಂದು ಸಂದೇಶವೇ.

ಈ ವಿಷಯ ನಮಗೇಕೆ ಎಂದು ಪೋಷಕರು ಕೇಳಬಹುದು. ಕಳಸ, ಹೊರನಾಡು, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟುತ್ತದೆ. ಮಕ್ಕಳು ಮರ ಹತ್ತುತ್ತಾರೆ, ಮೆಣಸು ಕೊಯ್ಯುವ ಏಣಿ ಏರುತ್ತಾರೆ. ಬಿದ್ದು ಗದ್ದ ಒಡೆದರೆ ಹೊಲಿಗೆ ಹಾಕಿಸುತ್ತೇವೆ. ಆದರೆ ಗದ್ದಕ್ಕೆ ಬಿದ್ದ ಪೆಟ್ಟು ಕಿವಿಯ ಮುಂದಿನ ಕೀಲಿಗೂ ತಾಗಿ, ಅಲ್ಲಿನ ಮೂಳೆ ಮುರಿದಿರಬಹುದು. ಚಿಕಿತ್ಸೆ ಸಿಗದಿದ್ದರೆ ಕೆಲವು ಮಕ್ಕಳಲ್ಲಿ ಕೀಲಿನ ಮೂಳೆಗಳು ಕ್ರಮೇಣ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ಬಾಯಿ ತೆರೆಯದು, ದವಡೆ ಬೆಳೆಯದು, ಗದ್ದ ಒಳಕ್ಕೆ ಸರಿಯುತ್ತದೆ. ಊಟಕ್ಕೂ ಮಾತಿಗೂ ಕಷ್ಟ, ನಿದ್ದೆಯಲ್ಲಿ ಉಸಿರಾಟಕ್ಕೂ ತೊಂದರೆ. ಆ ಹಂತದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ನಂತರ ಬಹುಕಾಲ ಪ್ರತಿದಿನ ಬಾಯಿ ತೆರೆಯುವ ವ್ಯಾಯಾಮವನ್ನೂ ಮಾಡಬೇಕು.

ಆದ್ದರಿಂದ ಮಗು ಗದ್ದ ಊರಿ ಬಿದ್ದರೆ ಮೂರು ಸಂಗತಿ ಗಮನಿಸಿ. ತನ್ನದೇ ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯುತ್ತದೆಯೇ? ತೆರೆಯುವಾಗ ಗದ್ದ ಒಂದು ಕಡೆಗೆ ವಾಲುತ್ತದೆಯೇ? ಹಲ್ಲುಗಳು ಮೊದಲಿನಂತೆ ಕೂಡುತ್ತವೆಯೇ? ಅನುಮಾನವಿದ್ದರೆ ಕೂಡಲೇ ದಂತವೈದ್ಯರಿಗೆ ತೋರಿಸಿ, ಎಕ್ಸ್‌ರೇ ತೆಗೆಸಿ. ನೋವು ಕಡಿಮೆಯಾಯಿತೆಂದು ಸುಮ್ಮನಿರಬೇಡಿ. ಮಕ್ಕಳ ಇಂಥ ಮುರಿತ ಬಹುಪಾಲು ಶಸ್ತ್ರಚಿಕಿತ್ಸೆ ಇಲ್ಲದೆಯೇ ಕೂಡಿಕೊಳ್ಳುತ್ತದೆ. ವೈದ್ಯರು ಹೇಳಿದ ವ್ಯಾಯಾಮವನ್ನು ತಪ್ಪದೆ ಮಾಡಿಸಬೇಕು.

ಪ್ರಚೋದಕಗಳಿಂದ ಹೊಸ ಮೃದ್ವಸ್ಥಿ ಬೆಳೆಸುವ ಸಂಶೋಧನೆ ನಡೆಯುತ್ತಿದೆ. ಬೆಸೆದ ಕೀಲಿಗೆ ಅದಿನ್ನೂ ಮದ್ದಾಗಿಲ್ಲ. ಜೀವಶಾಸ್ತ್ರ ಓದುವ ವಿದ್ಯಾರ್ಥಿಗಳೇ, ಆ ಕೆಲಸ ನಿಮಗಾಗಿ ಕಾದಿದೆ. ಅಲ್ಲಿಯವರೆಗೆ ಮಕ್ಕಳ ದವಡೆಯನ್ನು ಕಾಯಬೇಕಾದುದು ಹಿರಿಯರ ಎಚ್ಚರವೇ.