ಚಾಟ್ನಿಯ ಕಾಲ



ಬಾದಾಮಿ, ಐಹೊಳೆ, ಪಟ್ಟದಕಲ್ಲು ಇರುವ ಜಿಲ್ಲೆಯಲ್ಲಿ ಉಪನ್ಯಾಸ ಎಂದರೆ ಶಾಸನ, ಶಿಲ್ಪ, ವಚನದ ಕಡೆ ಮನಸ್ಸು ಹೋಗುವುದು ಸಹಜ. ನಾನು ಇವತ್ತು ತೋಟದ ಮಾತು ತಂದಿದ್ದೇನೆ. ನಮ್ಮ ಸುತ್ತಲಿನ ದಾಳಿಂಬೆ, ದ್ರಾಕ್ಷಿ, ಎಲೆಬಳ್ಳಿ ಬೆಳೆಯುವವರು ವರ್ಷವರ್ಷವೂ ಒಂದು ಕೆಲಸ ಮಾಡುತ್ತಾರೆ. ಚೆನ್ನಾಗಿ ಬೆಳೆದು ನಿಂತದ್ದನ್ನು ತಾವೇ ಕಡಿದು, ಉದುರಿಸಿ, ಕೆಳಗಿಳಿಸುತ್ತಾರೆ. ಅದನ್ನು ಯಾವಾಗ, ಯಾವ ಗಿಡಕ್ಕೆ, ಯಾರ ಕೈಯಿಂದ ಮಾಡುತ್ತಾರೆ ಎನ್ನುವುದರಲ್ಲಿ ನಮ್ಮ ಬದುಕಿಗೆ ಬೇಕಾದ ಒಂದು ತಿಳಿವಳಿಕೆ ಇದೆ ಎಂದು ನನಗೆ ಬಹಳ ದಿನದಿಂದ ಅನಿಸಿದೆ.

ದಾಳಿಂಬೆಯಿಂದ ಶುರು ಮಾಡೋಣ. ಹುನಗುಂದ, ಇಳಕಲ್, ಬಾಗಲಕೋಟೆ ಸುತ್ತಿನ ಮಸಾರಿ ನೆಲಕ್ಕೆ ಒಗ್ಗಿದ ಬೆಳೆ ಇದು. ನಮ್ಮ ಹವೆಯಲ್ಲಿ ನೀರು ಸಿಕ್ಕರೆ ಈ ಗಿಡ ವರ್ಷವಿಡೀ ಅಲ್ಲೊಂದು ಇಲ್ಲೊಂದು ಹೂ ಬಿಡುತ್ತಲೇ ಇರುತ್ತದೆ. ಹಾಗೆ ಬಿಟ್ಟರೆ ಹಣ್ಣೂ ಅಲ್ಲೊಂದು ಇಲ್ಲೊಂದು, ಮಾರುಕಟ್ಟೆಗೆ ಹೋಗುವಂಥದ್ದಲ್ಲ. ಆದ್ದರಿಂದ ರೈತ ಒಂದು ಬಹಾರ, ಅಂದರೆ ಹೂ ಬಿಡುವ ಒಂದು ಕಾಲ, ಹಿಡಿಯುತ್ತಾನೆ. ಜನವರಿ-ಫೆಬ್ರವರಿಯದು ಅಂಬೆ ಬಹಾರ, ಜೂನ್-ಜುಲೈದು ಮೃಗ ಬಹಾರ, ಸೆಪ್ಟೆಂಬರ್-ಅಕ್ಟೋಬರ್‌ದು ಹಸ್ತ ಬಹಾರ. ಯಾವುದು ಹಿಡಿದರೂ ಅದಕ್ಕೆ ಮೊದಲು ಗಿಡಕ್ಕೆ ವಿಶ್ರಾಂತಿ ಕೊಡಬೇಕು. ನೀರು ಬಂದ್ ಮಾಡುತ್ತಾರೆ. ಎಲೆ ಹಳದಿಯಾಗಿ ಬಾಡುತ್ತದೆ. ಉಳಿದ ಎಲೆಯನ್ನು ಎಥ್ರೆಲ್ ಎಂಬ ರಾಸಾಯನಿಕ ಹೊಡೆದು ಉದುರಿಸುತ್ತಾರೆ. ಆಮೇಲೆ ಚಾಟ್ನಿ, ಅಂದರೆ ಟೊಂಗೆ ಸವರುವುದು. ಒಣಗಿದ ಟೊಂಗೆ, ಒಂದಕ್ಕೊಂದು ಹಾಯ್ದ ಟೊಂಗೆ, ಬುಡದಿಂದ ಎದ್ದ ಚಿಗುರು, ನಡುವೆ ಬಿಸಿಲಿಗೆ ಅಡ್ಡ ನಿಂತದ್ದು ಎಲ್ಲ ಹೋಗುತ್ತದೆ. ಬುಡ ಬಿಡಿಸಿ ತಿಪ್ಪೆಗೊಬ್ಬರ ಹಾಕಿ ಮತ್ತೆ ನೀರು ಬಿಟ್ಟರೆ ಕೆಲವೇ ದಿನಗಳಲ್ಲಿ ಇಡೀ ತೋಟ ಒಂದೇ ಸಲ ಚಿಗುರಿ ಕೆಂಪು ಹೂ ಹೊರುತ್ತದೆ.

ಇದು ಹೇಗೆ ಆಗುತ್ತದೆ? ನೀರು ನಿಂತಾಗ ಗಿಡದ ಹೊಸ ಬೆಳವಣಿಗೆ ನಿಲ್ಲುತ್ತದೆ. ಆದರೆ ಎಲೆ ಉದುರುವ ತನಕ ಅದು ಆಹಾರ ತಯಾರಿಸುತ್ತಲೇ ಇರುತ್ತದೆ. ಚಿಗುರಿಗೆ ಖರ್ಚಾಗದ ಆ ಆಹಾರ ಟೊಂಗೆಯಲ್ಲಿ, ಬೇರಿನಲ್ಲಿ ಕೂಡಿಕೊಳ್ಳುತ್ತದೆ. ಇನ್ನು ಟೊಂಗೆಯ ತುದಿಯ ಮೊಗ್ಗು ಆಕ್ಸಿನ್ ಎಂಬ ರಸ ತಯಾರಿಸಿ ಕೆಳಗೆ ಕಳಿಸುತ್ತಿರುತ್ತದೆ, ಅದು ಇರುವಷ್ಟು ಕಾಲ ಪಕ್ಕದ ಕಣ್ಣುಗಳು ಮಲಗಿಯೇ ಇರುತ್ತವೆ. ತುದಿ ಕಡಿದರೆ ಆ ತಡೆ ಹೋಗುತ್ತದೆ, ಮಲಗಿದ ಕಣ್ಣು ಏಳುತ್ತದೆ. ಕತ್ತರಿ ಹೊಸದೇನನ್ನೂ ಗಿಡಕ್ಕೆ ಕೊಡುವುದಿಲ್ಲ. ಕೂಡಿಟ್ಟ ಶಕ್ತಿ ಎತ್ತ ಹೋಗಬೇಕು ಎನ್ನುವುದನ್ನು ಮಾತ್ರ ಅದು ತೀರ್ಮಾನಿಸುತ್ತದೆ. ಇಲ್ಲಿ ಒಂದು ಮಾತು ನೀವು ಗಮನಿಸಬೇಕು. ಶಕ್ತಿ ಕೂಡಿಟ್ಟಿರಬೇಕು. ಹಿಂದಿನ ಫಸಲಿನಲ್ಲಿ ಸೋತು, ರೋಗ ಬಡಿದು, ವಿಶ್ರಾಂತಿಯೂ ಸಿಗದ ಗಿಡಕ್ಕೆ ಕತ್ತರಿ ಹಾಕಿದರೆ ಅದು ಚಿಗುರುವುದಿಲ್ಲ. ತಿಳಿದ ರೈತ ಅಂಥ ಗಿಡದ ಆ ವರ್ಷದ ಬಹಾರವನ್ನೇ ಕೈಬಿಟ್ಟು ಮೊದಲು ಅದನ್ನು ಸುಧಾರಿಸಿಕೊಳ್ಳಲು ಬಿಡುತ್ತಾನೆ.

ಹೂವಿನ ವಿಚಾರವೂ ಹಾಗೆಯೇ. ದಾಳಿಂಬೆಯಲ್ಲಿ ಗಡಿಗೆಯಂತೆ ಬುಡ ಉಬ್ಬಿದ ಹೂ ಕಾಯಿ ಕಟ್ಟುತ್ತದೆ. ಗಂಟೆಯಂತೆ ಕೆಳಗೆ ಚೂಪಾಗಿರುವುದು ಗಂಡು ಹೂ, ಅದು ಉದುರಿಯೇ ಹೋಗುತ್ತದೆ. ಹೊಸದಾಗಿ ತೋಟ ಮಾಡಿದವರು ನೆಲದ ತುಂಬ ಬಿದ್ದ ಹೂ ನೋಡಿ ಗಾಬರಿಯಾಗಿ ಔಷಧದ ಅಂಗಡಿಗೆ ಓಡುತ್ತಾರೆ. ಹಳಬರು ಟೊಂಗೆಯ ಮೇಲೆ ಉಳಿದದ್ದನ್ನು ನೋಡುತ್ತಾರೆ. ಉಳಿದದ್ದರಲ್ಲಿಯೂ ಒಂದೇ ಗೊಂಚಲಿನಲ್ಲಿ ಮೂರು ನಾಲ್ಕು ಕಾಯಿ ಕಟ್ಟಿದರೆ ಒಂದನ್ನು ಬಿಟ್ಟು ಮಿಕ್ಕವನ್ನು ಕೈಯಾರೆ ಕೀಳುತ್ತಾರೆ. ಲಿಂಬೆಯಷ್ಟು ದಪ್ಪವಾದ ಆರೋಗ್ಯದ ಕಾಯಿ ಕಿತ್ತು ನೆಲಕ್ಕೆ ಹಾಕುವುದು ಸುಲಭವಲ್ಲ. ಕಾಯಿ ಕೀಳುವಾಗ ಹಿರಿಯ ಹೆಣ್ಣುಮಗಳೊಬ್ಬಳು ಪ್ರತಿ ಗಿಡದ ಮುಂದೆ ಒಂದು ಕ್ಷಣ ನಿಂತು, ಗೊಂಚಲನ್ನು ಅಂಗೈಯಲ್ಲಿ ಹಿಡಿದು ತೂಗಿ, ಹೆಬ್ಬೆರಳಿನಿಂದ ಒಂದನ್ನು ಹಿಂದೆ ಸರಿಸಿ, ಉಳಿದವನ್ನು ಚಟ್ಟನೆ ಮುರಿಯುವುದನ್ನು ನಾನು ನೋಡಿದ್ದೇನೆ. ಉಳಿಸಬೇಕಾದ್ದನ್ನು ಆಕೆ ಮೊದಲು ಆರಿಸುತ್ತಾಳೆ, ಆಮೇಲೆ ಕೀಳುತ್ತಾಳೆ. ಈ ಕ್ರಮ ಬಹಳ ಮುಖ್ಯ ಎಂದು ನನಗೆ ತೋರುತ್ತದೆ. ನಾವು ಬದುಕಿನಲ್ಲಿ ಏನನ್ನಾದರೂ ಬಿಡಬೇಕು ಎಂದಾಗ ಬಿಡುವುದರ ಪಟ್ಟಿಯನ್ನೇ ಮೊದಲು ಹಿಡಿದು ಕೂರುತ್ತೇವೆ.

ಎಳೆಯ ಗಿಡಕ್ಕೆ ಮೊದಲ ಎರಡು ವರ್ಷ ಬಂದ ಹೂವನ್ನೆಲ್ಲ ಕಿತ್ತು ಹಾಕುತ್ತಾರೆ. ಕಾಂಡ ಬಲಿಯಲಿ, ಬೇರು ಇಳಿಯಲಿ ಎಂದು. ತಂದೆತಾಯಂದಿರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಹೇಳುತ್ತೇನೆ. ಒಂದನೇ ತರಗತಿಯ ಮಗುವಿಗೆ ಶಾಲೆ ಬಿಟ್ಟ ಮೇಲೆ ಟ್ಯೂಷನ್, ಅದಾದ ಮೇಲೆ ಅಬ್ಯಾಕಸ್, ಭಾನುವಾರ ಕರಾಟೆ, ಮೇಲೆ ಸ್ಪರ್ಧಾ ಪರೀಕ್ಷೆ. ಪ್ರತಿಯೊಂದೂ ಒಳ್ಳೆಯದೇ, ಪ್ರತಿಯೊಂದೂ ಆರೋಗ್ಯದ ಕಾಯಿಯೇ. ಆದರೆ ಅದನ್ನೆಲ್ಲ ಹೊರುವ ಟೊಂಗೆ ಎಷ್ಟು ದಪ್ಪ ಇದೆ ನೋಡಿದ್ದೇವೆಯೇ? ಆಡಿ, ಮಣ್ಣಾಗಿ, ಹಸಿದು ಮನೆಗೆ ಬರುವ ಸಂಜೆಗಳು ಆ ಮಗುವಿಗೆ ಬೇರು ಇಳಿಸುವ ಕಾಲ. ಅದನ್ನು ಕಸಿದುಕೊಳ್ಳಬೇಡಿ.

ಈಗ ಬಾದಾಮಿ ಕಡೆ ಬರೋಣ. ಬನಶಂಕರಿ, ಚೊಳಚಗುಡ್ಡದ ಸುತ್ತ ಎಲೆತೋಟಗಳಿವೆ. ಬನದ ಹುಣ್ಣಿಮೆಯ ಜಾತ್ರೆಗೆ ಹೋದವರೆಲ್ಲ ಅವುಗಳ ಪಕ್ಕದಲ್ಲೇ ಹಾದಿದ್ದೀರಿ, ಒಳಗೆ ಹೋದವರು ಕಡಿಮೆ. ಶಾಕಂಭರಿ ದೇವಿಗೆ 108 ಬಗೆಯ ಪಲ್ಯ ಮಾಡಿ ಎಡೆ ಕೊಡುವ ಪಲ್ಲೇದ ಹಬ್ಬ ನಡೆಯುವ ಊರಿನ ತೋಟಗಳು ಇವು. ಎಲೆಬಳ್ಳಿ ಚೊಗಚೆ, ನುಗ್ಗೆಯ ಗಿಡ ಹಿಡಿದು ಮೇಲೇರುತ್ತದೆ. ಏರಿದಷ್ಟೂ ಬುಡ ಬೋಳಾಗುತ್ತದೆ, ತುದಿಯ ಎಲೆ ಸಣ್ಣದಾಗುತ್ತದೆ, ಕೊಯ್ಯಲು ಏಣಿ ಬೇಕಾಗುತ್ತದೆ. ಆಗ ಬಳ್ಳಿ ಇಳಿಸುತ್ತಾರೆ. ಬಾಳೆನಾರಿನ ಕಟ್ಟು ಒಂದೊಂದಾಗಿ ಬಿಚ್ಚಿ, ಬಳ್ಳಿ ಮುರಿಯದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಕೆಳಗಿಳಿಸಿ, ಎಲೆ ಇಲ್ಲದ ಉದ್ದನೆಯ ಭಾಗವನ್ನು ಬುಡದಲ್ಲಿ ಸುರುಳಿ ಸುತ್ತಿ, ಮಣ್ಣು ಗೊಬ್ಬರ ಮುಚ್ಚುತ್ತಾರೆ. ಹೊರಗೆ ಉಳಿಯುವುದು ತುದಿ ಮಾತ್ರ. ಅದನ್ನು ಮತ್ತೆ ಅದೇ ಗಿಡಕ್ಕೆ ಕಟ್ಟುತ್ತಾರೆ.

ಇಳಿಸಿದ ಮೇಲೆ ಕೆಲವು ವಾರ ಆ ತೋಟ ನೋಡಲಾಗುವುದಿಲ್ಲ. ಕೊಯ್ಯಲು ಎಲೆ ಇಲ್ಲ, ಸಂತೆಗೆ ಕಳಿಸಲು ಏನೂ ಇಲ್ಲ. ಆದರೆ ಮಣ್ಣಿನೊಳಗೆ ಬಳ್ಳಿಯ ಗೆಣ್ಣುಗೆಣ್ಣಿಗೂ ಹೊಸ ಬೇರು ಬರುತ್ತಿರುತ್ತದೆ. ಮುಂದೆ ಬರುವ ಎಲೆ ಅಗಲವಾಗಿರುತ್ತದೆ, ಕೈಗೆಟಕುವ ಎತ್ತರದಲ್ಲಿರುತ್ತದೆ. ನಮ್ಮ ಕಡೆಯ ಎಷ್ಟೋ ಸಂಘ, ಸಂಸ್ಥೆ, ಮನೆತನದ ವ್ಯವಹಾರಗಳಲ್ಲಿ ಮೇಲೇರಿದವರು ಇಳಿಯಲು ಒಪ್ಪದೆ ಇಡೀ ಬಳ್ಳಿಯೇ ಬೋಳಾದದ್ದನ್ನು ನಾವು ಕಂಡಿದ್ದೇವೆ. ಎಪ್ಪತ್ತು ದಾಟಿದ ರೈತ ಹೊಲದ ಲೆಕ್ಕ, ಬ್ಯಾಂಕಿನ ಪಾಸ್‌ಬುಕ್ಕು, ಬೀಜದ ಆಯ್ಕೆ ಎಲ್ಲ ತನ್ನ ಕೈಯಲ್ಲೇ ಇಟ್ಟುಕೊಂಡರೆ ನಲವತ್ತರ ಮಗ ಪುಣೆಗೋ ಬೆಂಗಳೂರಿಗೋ ಹೋಗದೆ ಏನು ಮಾಡಿಯಾನು? ಇಳಿದವನು ಇಲ್ಲವಾಗುವುದಿಲ್ಲ, ಎಲೆತೋಟದಲ್ಲಿ ಇಳಿದ ಬಳ್ಳಿಯೇ ಬೇರಾಗುತ್ತದೆ.

ಹುನಗುಂದದ ಎರೆಹೊಲದವರದ್ದು ಬೇರೆ ಬಗೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ನಂಬಲಾಗದ್ದು. ಇಂಥಲ್ಲಿ ಮುಂಗಾರಿನಲ್ಲಿ ಬಿತ್ತದೆ ಹೊಲ ಖಾಲಿ ಬಿಟ್ಟು, ಮಳೆ ಬಿದ್ದಾಗಲೆಲ್ಲ ಹರಗಿ, ಕಸ ಏಳದಂತೆ ನೋಡಿಕೊಂಡು, ತೇವವನ್ನೆಲ್ಲ ಮಣ್ಣಿನ ಹೊಟ್ಟೆಗೆ ಇಳಿಸಿ, ಹಿಂಗಾರಿನಲ್ಲಿ ಬಿಳಿಜೋಳವನ್ನೋ ಕಡಲೆಯನ್ನೋ ಬಿತ್ತುವ ಪದ್ಧತಿ ಇದೆ. ಜೋಳ ಆ ತೇವದ ಮೇಲೆಯೇ ಬದುಕಿ ತೆನೆ ಕೊಡುತ್ತದೆ. ಖಾಲಿ ಬಿಟ್ಟ ಹೊಲದಲ್ಲಿ ಕೆಲಸ ನಿಂತಿರುವುದಿಲ್ಲ ಎನ್ನುವುದು ನೋಡಬೇಕಾದ್ದು. ಹರಗದೆ ಸುಮ್ಮನೆ ಬಿಟ್ಟರೆ ಕಸ ಆ ತೇವವನ್ನು ಕುಡಿದುಬಿಡುತ್ತದೆ. ಈಗ ಮುಂಗಾರು ಚೆನ್ನಾದ ವರ್ಷ ಹೆಸರು ಬಿತ್ತಿ ತೆಗೆದುಕೊಳ್ಳುವವರು ಹೆಚ್ಚಾಗಿದ್ದಾರೆ, ಅದರಲ್ಲಿ ತಪ್ಪಿಲ್ಲ. ಮಳೆ ನೋಡಿ ತೀರ್ಮಾನಿಸುವ ಕಣ್ಣು ಉಳಿದಿರಬೇಕು, ಅಷ್ಟೇ.

ಇಷ್ಟು ಹೇಳಿ ನಾನು ಮುಗಿಸಿದರೆ ಅನ್ಯಾಯವಾಗುತ್ತದೆ. ಏಕೆಂದರೆ ಬಿಡುವುದರ ಬಗ್ಗೆ ಈ ಜಿಲ್ಲೆಯಲ್ಲಿ ಮಾತಾಡುವವನು ಬಾಗಲಕೋಟೆಯನ್ನು ಮರೆಯುವಂತಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದು ಹಳೆಯ ಪೇಟೆಯ ಎಷ್ಟೋ ಓಣಿಗಳನ್ನು ನುಂಗಿತು. ಜನ ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದರು. ಹಳ್ಳಿಗೆ ಹಳ್ಳಿಯೇ ಎದ್ದು ಬೇರೆಡೆ ಕೂತವು. ಈಗ ಜಲಾಶಯದ ಮಟ್ಟ 519.60 ಮೀಟರ್, ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಅಂದರೆ ಇನ್ನೂ ಬಿಡಬೇಕಾದವರು ಇದ್ದಾರೆ. ನಾಡಿನ ಒಳ್ಳೆಯದಕ್ಕೆ ನೀವು ತ್ಯಾಗ ಮಾಡಿದಿರಿ ಎಂದು ಅವರಿಗೆ ಹೇಳುವುದನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇನೆ. ತೋಟ ಬಲ್ಲವರು ಹಾಗೆ ಮಾತಾಡಲಾರರು. ಚಾಟ್ನಿಗೆ ಮೊದಲು ಗಿಡದಲ್ಲಿ ಶಕ್ತಿ ಕೂಡಿಟ್ಟಿರಬೇಕು, ಆಮೇಲೆ ಗೊಬ್ಬರ ಕೊಡಬೇಕು, ನೀರು ಬಿಡಬೇಕು. ಪರಿಹಾರ ಕೈಗೆ ಬರದೆ, ಹೊಲಕ್ಕೆ ಹೊಲ ಸಿಗದೆ, ನೆರೆಮನೆಯವರು ಯಾವ ಸೆಕ್ಟರಿನಲ್ಲಿದ್ದಾರೆ ಎಂದು ತಿಳಿಯದೆ ಕೂತವರಿಗೆ ಬಿಡುವುದರಲ್ಲಿ ಬೆಳವಣಿಗೆ ಇದೆ ಎಂದು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಮೊದಲು ಅವರ ಬುಡಕ್ಕೆ ನೀರು ಹೋಗಲಿ.

ಎಲ್ಲವನ್ನೂ ಬಿಡಬೇಕೆಂದೂ ಇಲ್ಲ. ಅದೇ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯಮಂಟಪವನ್ನು ಬಿಡಲಿಲ್ಲ. ಸುತ್ತ ಬಾವಿಯಂತೆ ಗೋಡೆ ಕಟ್ಟಿ ನೀರಿನ ನಡುವೆಯೇ ಉಳಿಸಿಕೊಂಡರು. ಮೆಟ್ಟಿಲಿಳಿದು ಹೋದವರಿಗೆ ಗೊತ್ತು, ಹೊರಗೆ ಹೊಳೆ ತಲೆಯ ಮೇಲಿರುತ್ತದೆ. ಆ ಗೊಂಚಲನ್ನು ಅಂಗೈಯಲ್ಲಿ ಹಿಡಿದು ಆರಿಸಿದವರು ಯಾರೋ ಇದ್ದರು.

ಇನ್ನು ಬಿಡಬೇಕಾದವನು ಸ್ವಂತ ಕೈಯಿಂದಲೇ ಬಿಡುವ ಮಾತು. ಇದಕ್ಕೆ ಇಳಕಲ್ಲಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ವಿಜಯ ಮಹಾಂತೇಶ್ವರ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಕಾಳು ಬೇಡಲಿಲ್ಲ, ದುಡ್ಡು ಬೇಡಲಿಲ್ಲ. ನಿಮ್ಮ ಕುಡಿತ ಕೊಡಿ, ತಂಬಾಕು ಕೊಡಿ, ಜೂಜು ಕೊಡಿ ಎಂದು ಬೇಡಿದರು. ಮಹಾಂತ ಜೋಳಿಗೆ ಎಂದು ನಾಡೆಲ್ಲ ಹೆಸರಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು, ಅವರು ಹುಟ್ಟಿದ ಆಗಸ್ಟ್ 1ನ್ನು ಈಗ ರಾಜ್ಯ ಸರಕಾರ ವ್ಯಸನಮುಕ್ತ ದಿನ ಎಂದು ಆಚರಿಸುತ್ತದೆ. ಕುಡಿತ ಬಿಡು ಎಂದು ಗದರುವವರು ಪ್ರತಿ ಮನೆಯಲ್ಲೂ ಇದ್ದರು, ಅದರಿಂದ ಬಿಟ್ಟವರು ಕಡಿಮೆ. ಸ್ವಾಮಿಗಳು ಕಸಿಯಲಿಲ್ಲ, ಜೋಳಿಗೆ ಒಡ್ಡಿ ನಿಂತರು. ಹಾಕಬೇಕಾದವನು ತಾನೇ ಹಾಕಬೇಕಿತ್ತು. ಮಠದ ಸ್ವಾಮಿಗಳೇ ನನ್ನ ಬಾಗಿಲಿಗೆ ಬಂದು ಬೇಡುತ್ತಿದ್ದಾರೆ ಎನ್ನುವ ಗೌರವ ಆ ಮನುಷ್ಯನ ಬೇರಿಗೆ ಸಿಕ್ಕ ನೀರು. ನೂರು ಜನರ ಮುಂದೆ ಅವಮಾನ ಮಾಡಿ ಚಟ ಬಿಡಿಸಲು ಹೊರಡುವ ಇಂದಿನ ಉತ್ಸಾಹಿಗಳು ಇದನ್ನು ಒಂದು ಸಲ ಯೋಚಿಸಬೇಕು.

ಕೊನೆಗೆ ಒಂದು ಕಠಿಣ ಮಾತು ಇದೆ. 2000ದ ದಶಕದಲ್ಲಿ ದುಂಡಾಣು ಅಂಗಮಾರಿ ರೋಗ ನಮ್ಮ ದಾಳಿಂಬೆ ತೋಟಗಳನ್ನು ಹಾಳು ಮಾಡಿತು. ಎಲೆಯ ಮೇಲೆ ಎಣ್ಣೆಯಂಥ ಚುಕ್ಕೆ, ಕಾಯಿ ಮೇಲೆ ಸೀಳು, ಮಳೆ ಹನಿಯ ಜೊತೆ ಗಿಡದಿಂದ ಗಿಡಕ್ಕೆ ಹರಡುತ್ತದೆ. ರೋಗ ಬಂದ ಭಾಗಕ್ಕಿಂತ ಎರಡು ಇಂಚು ಕೆಳಗೆ ಕಡಿಯಬೇಕು, ಪ್ರತಿ ಸಲ ಕತ್ತರಿಯನ್ನು ಔಷಧದಲ್ಲಿ ಅದ್ದಬೇಕು, ಕಡಿದದ್ದನ್ನು ಸುಡಬೇಕು. ಕೆಲವು ತೋಟಗಳಿಗೆ ಅದೂ ಸಾಲಲಿಲ್ಲ. ಮಕ್ಕಳಂತೆ ಬೆಳೆಸಿದ ಗಿಡವನ್ನು ಜೆಸಿಬಿ ತರಿಸಿ ಬುಡಸಮೇತ ಕಿತ್ತರು. ಕೀಳಲು ಮನಸ್ಸು ಬರದೆ ಇನ್ನೊಂದು ವರ್ಷ ನೋಡೋಣ ಎಂದವರ ತೋಟದಿಂದ ನೆರೆಯವರ ತೋಟಕ್ಕೂ ರೋಗ ಹೋಯಿತು. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ, ಸಾಲ ತಲೆಯ ಮೇಲಿತ್ತು. ಆದರೆ ಕಿತ್ತ ನೆಲದಲ್ಲಿ ಬೇರೆ ಬೆಳೆ ತೆಗೆದು, ರೋಗವಿಲ್ಲದ ಸಸಿ ತಂದು, ಮಳೆಗಾಲ ತಪ್ಪಿಸಿ ಹಸ್ತ ಬಹಾರ ಹಿಡಿದು ಮತ್ತೆ ದಾಳಿಂಬೆ ಮಾಡಿದವರು ನಮ್ಮ ನಡುವೆಯೇ ಇದ್ದಾರೆ. 2008ರಲ್ಲಿ ಶುರುವಾದ ನಮ್ಮ ತೋಟಗಾರಿಕೆ ವಿಶ್ವವಿದ್ಯಾಲಯ ಉದ್ಯಾನಗಿರಿಯಲ್ಲಿದೆ. ಎಲೆಯ ಮೇಲೆ ಅನುಮಾನದ ಚುಕ್ಕೆ ಕಂಡ ದಿನವೇ ಅಲ್ಲಿಗೆ ಒಯ್ದು ತೋರಿಸಿ, ಮುಂದಿನ ವಾರ ಎನ್ನಬೇಡಿ.

ಇನ್ನು ಕೆಲವೇ ದಿನಗಳಲ್ಲಿ ಬೀಳಗಿ, ಜಮಖಂಡಿ ಕಡೆ ದ್ರಾಕ್ಷಿಯ ಅಕ್ಟೋಬರ್ ಚಾಟ್ನಿ ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಕಡಿದಾಗ ಎದ್ದ ಕಡ್ಡಿಯಲ್ಲಿ ಯಾವ ಕಣ್ಣಿನೊಳಗೆ ಗೊಂಚಲು ಕೂತಿದೆ ಎಂದು ಎಣಿಸಿ, ಅಲ್ಲಿಗೆ ಕತ್ತರಿ ಹಾಕುವುದನ್ನು ನೋಡಲು ಬರುತ್ತೇವೆ ಎನ್ನುವವರು ಸಭೆ ಮುಗಿದ ಮೇಲೆ ಹೆಸರು ಕೊಡಿ. ತೋಟದವರು ಬನ್ನಿ ಎಂದಿದ್ದಾರೆ, ಬೆಳಿಗ್ಗೆ ಬಿಸಿಲೇರುವ ಮೊದಲೇ ಹೊರಡೋಣ. ಮಕ್ಕಳನ್ನೂ ಕರೆದುಕೊಂಡು ಬನ್ನಿ.