ಅಕ್ಕಿ ಚೀಲಕ್ಕೆ ಯಾವ ಧರ್ಮ?

ದೇವರಮನೆ ಅಂದ ಕೂಡಲೇ ನಮಗೆ ನೆನಪಾಗೋದು ಮಂಜು, ಗುಡ್ಡ, ಕಾಲಭೈರವೇಶ್ವರನ ದೇವಸ್ಥಾನ, ರಜೆ ದಿನ ಸಾಲುಗಟ್ಟಿ ನಿಲ್ಲುವ ಕಾರುಗಳು. ಅದೇ ಮೂಡಿಗೆರೆ, ಕಳಸದ ಕಾಫಿ ತೋಟಗಳ ಒಳಗೆ ಲೈನ್ ಮನೆಗಳೂ ಇವೆ. ಜಡಿಮಳೆಗೆ ಕೆಲಸ ನಿಂತರೆ ಅಲ್ಲಿ ದಿನಗೂಲಿಯೂ ನಿಲ್ಲುತ್ತೆ. ಹಸಿವು ಮಾತ್ರ ರಜೆ ಹಾಕಲ್ಲ.

ಇಂಥ ಮನೆಗೆ ಚರ್ಚಿನವರು ಅಕ್ಕಿ, ಬೇಳೆ, ಎಣ್ಣೆ ಕೊಟ್ಟರೆ ತಕ್ಷಣ ಎರಡು ಗುಂಪಾಗುತ್ತೆ. ಒಬ್ಬರು 'ಮತಾಂತರ' ಅಂತಾರೆ. ಇನ್ನೊಬ್ಬರು 'ಇದು ಸೇವೆ, ಪ್ರಶ್ನೆ ಮಾಡಬೇಡಿ' ಅಂತಾರೆ. ನಾನು ಇಬ್ಬರನ್ನೂ ಪ್ರಶ್ನೆ ಕೇಳ್ತೀನಿ.

ಈ ಕೆಲಸ ನಿನ್ನೆ ಮೊನ್ನೆಯದಲ್ಲ. ಚಿಕ್ಕಮಗಳೂರು ಕ್ಯಾಥೊಲಿಕ್ ಧರ್ಮಪ್ರಾಂತ್ಯ ಆಗಿದ್ದೇ 1963ರಲ್ಲಿ. ಕ್ಯಾಥೊಲಿಕ್ ಚರ್ಚುಗಳಲ್ಲಿ ಕಾಣುವ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಇನ್ನೂ ಹಳೆಯದು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ತನ್ನ ಗೆಳೆಯರ ಜೊತೆ ಅದನ್ನು ಶುರು ಮಾಡಿದ. ಅದರ ಪದ್ಧತಿ ಸರಳ: ಬಡವರನ್ನು ಚರ್ಚಿನ ಬಾಗಿಲಿಗೆ ಕರೆಯಬೇಡಿ, ನೀವೇ ಅವರ ಮನೆಗೆ ಹೋಗಿ, ಕೂತು ಕಷ್ಟ ಕೇಳಿ.

ಈಗ ಕಾನೂನಿಗೆ ಬರೋಣ. 2022ರ ಮತಾಂತರ ನಿಷೇಧ ಕಾಯ್ದೆಯಲ್ಲಿ ಉಡುಗೊರೆ, ಹಣ, ವಸ್ತುರೂಪದ ಲಾಭ ಎಲ್ಲವೂ 'ಆಮಿಷ'ದ ಪಟ್ಟಿಗೆ ಸೇರಿದವು. 2023ರ ಜೂನ್ 15ರಂದು ಸಚಿವ ಸಂಪುಟ ಅದನ್ನು ವಾಪಸ್ ಪಡೆಯುವ ತೀರ್ಮಾನ ಮಾಡಿತು. ಆದರೆ ಅನುಮಾನವನ್ನು ಯಾವ ಸಂಪುಟವೂ ವಾಪಸ್ ಪಡೆಯೋಕಾಗಲ್ಲ. ಅನುಮಾನ ಕಳೆಯೋದು ಕೊಡುವವರ ನಡತೆಯಿಂದ ಮಾತ್ರ.

ಹಾಗಾಗಿ ಚರ್ಚಿನವರಿಗೆ ನನ್ನ ಪ್ರಶ್ನೆ: ಆ ಚೀಲದ ಜೊತೆ ಕರಪತ್ರ ಇದೆಯಾ? ಭಾನುವಾರ ಪ್ರಾರ್ಥನೆಗೆ ಬರದವನಿಗೂ ಮುಂದಿನ ತಿಂಗಳು ಅಕ್ಕಿ ಸಿಗುತ್ತಾ? ತಗೊಳ್ಳೋ ತಾಯಿಯನ್ನು ನಿಲ್ಲಿಸಿ ಫೋಟೋ ತೆಗೀತೀರಾ? ಕರಪತ್ರ ಇಲ್ಲ, ಅಕ್ಕಿ ಸಿಗುತ್ತೆ, ಫೋಟೋ ತೆಗೆಯಲ್ಲ ಅನ್ನೋದಾದರೆ ನೀವು ಯಾರಿಗೂ ಹೆದರಬೇಕಿಲ್ಲ.

ಕೂಗಾಡುವವರಿಗೂ ಒಂದು ಪ್ರಶ್ನೆ. 2013ರಿಂದ ಅನ್ನಭಾಗ್ಯ ಇದೆ. ಎಲ್ಲೇ ಇದ್ದರೂ ಪಡಿತರ ಸಿಗಲಿ ಅಂತ 'ಒಂದು ದೇಶ, ಒಂದು ರೇಷನ್ ಕಾರ್ಡ್' ಕೂಡ ಬಂದಿದೆ. ಹಾಗಿದ್ದೂ ಅಸ್ಸಾಂನಿಂದ, ಜಾರ್ಖಂಡ್‌ನಿಂದ ಬಂದ ತೋಟದ ಕಾರ್ಮಿಕನ ಕಾರ್ಡ್ ಊರಲ್ಲೇ ಉಳಿದಿದ್ದರೆ, ಹೆಬ್ಬೆಟ್ಟಿನ ಗುರುತು ಯಂತ್ರದಲ್ಲಿ ಹೊಂದದಿದ್ದರೆ, ಅವತ್ತು ರಾತ್ರಿ ಅವನ ಮಕ್ಕಳು ಏನು ತಿನ್ನಬೇಕು? ಚೀಲ ಕೊಟ್ಟವನನ್ನು ತಡೆಯೋ ಮೊದಲು ಇನ್ನೊಂದು ಚೀಲ ಹೊತ್ತು ಹೋಗಿದ್ದೀರಾ?

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನಲ್ಲಿ ಗುಡ್ಡಗಳು ಕುಸಿದವು. ಆ ಮಣ್ಣು ಯಾರ ಮನೆಯಲ್ಲಿ ಯಾವ ದೇವರ ಪಟ ಇದೆ ಅಂತ ನೋಡಿ ಇಳಿಯಲಿಲ್ಲ.

ನಮಗೆ ದಾರಿ ಹೇಳಿಕೊಡೋಕೆ ಪ್ಯಾರಿಸ್ಸೇ ಬೇಕಿಲ್ಲ. ಇದೇ ಮಲೆನಾಡಿನ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರಿಗೆಲ್ಲ ಊಟ ಹಾಕ್ತಾರೆ. ಎಲೆ ಮುಂದೆ ಕೂತವನ ಜಾತಿ, ಧರ್ಮ ಯಾರೂ ಕೇಳಲ್ಲ. ಚರ್ಚಿನ ಅಕ್ಕಿಗೂ ಅದೇ ಅಳತೆ ಇರಲಿ, ಅದನ್ನು ನೋಡುವ ನಮ್ಮ ಕಣ್ಣಿಗೂ ಅದೇ ಅಳತೆ ಇರಲಿ.