ಬಿಡಿ ಮೊದಲೋ, ಹತ್ತು ಮೊದಲೋ?



ಚಾರ್ಟರ್ಡ್ ಅಕೌಂಟೆಂಟ್ ಮಾತಾಡುತ್ತಾನೆ ಅಂದ ಕೂಡಲೇ ತೆರಿಗೆ ಉಳಿಸುವ ದಾರಿ ಹೇಳಬಹುದು ಅಂತ ಕೆಲವರು ಪೆನ್ನು ತೆಗೆದಿದ್ದೀರಿ. ಕ್ಷಮಿಸಿ, ಇವತ್ತಿನ ವಿಷಯ ಭಾನುವಾರ.

ಇಲ್ಲಿನ ಭಾನುವಾರ ನಿಮಗೆ ಗೊತ್ತೇ ಇದೆ. ಅಂಗಡಿ ಮುಚ್ಚಿರುತ್ತದೆ, ಗೋಡೆಗೆ ಮೊಳೆ ಹೊಡೆಯುವ ಹಾಗೂ ಇಲ್ಲ. ನನ್ನ ಮಟ್ಟಿಗೆ ಅದು ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನವಾಗಿತ್ತು. ಪಕ್ಕದ ಕೋಣೆಯಲ್ಲಿ ಮಗಳು. ಅವಳಿಗೆ ಹನ್ನೆರಡು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ. ಇದೂ ನಿಮ್ಮಲ್ಲಿ ಹಲವರಿಗೆ ಗೊತ್ತು.

ಇದನ್ನು ಬದಲಿಸಿದ್ದು ಜಿಯೋಕ್ಯಾಶಿಂಗ್. ಯಾರೋ ಒಂದು ಡಬ್ಬಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್‌ನಲ್ಲಿ ಹಾಕುತ್ತಾರೆ. ನಾವು ಹುಡುಕಿ, ಒಳಗಿರುವ ಚೀಟಿಯಲ್ಲಿ ಹೆಸರು ಬರೆದು, ಮೊದಲಿದ್ದ ಹಾಗೆಯೇ ಇಟ್ಟು ಬರಬೇಕು. 2000ದ ಮೇ ತಿಂಗಳಲ್ಲಿ ಅಮೆರಿಕ ಸರಕಾರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮರುದಿನವೇ ಡೇವ್ ಉಲ್ಮರ್ ಎಂಬುವರು ಆರಿಗನ್ ರಾಜ್ಯದಲ್ಲಿ ಮೊದಲ ಡಬ್ಬಿ ಇಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬರ್ಲಿನ್ನಿನ ದಕ್ಷಿಣಕ್ಕೆ ಜರ್ಮನಿಯ ಮೊದಲ ಡಬ್ಬಿ ಬಂತು.

ನಮ್ಮ ಮನೆಗೆ ಹಿಡಿಸಿದ್ದು ಇದರಲ್ಲೇ ಇನ್ನೊಂದು ಬಗೆ, ನಕ್ಷೆಯಲ್ಲಿ ನೀಲಿ ಪ್ರಶ್ನೆ ಗುರುತು ಇರುವಂಥದ್ದು. ಅಲ್ಲಿ ತೋರಿಸಿರುವ ಜಾಗ ಸುಳ್ಳು. ನಿಜವಾದ ಜಾಗ ಸಾಮಾನ್ಯವಾಗಿ ಅಲ್ಲಿಂದ ಸುಮಾರು 3 ಕಿಲೋಮೀಟರ್ ಒಳಗೆ ಇರುತ್ತದೆ, ಆದರೆ ಒಗಟು ಬಿಡಿಸಿದವರಿಗೆ ಮಾತ್ರ ಸಿಗುತ್ತದೆ. ಸುಡೊಕು, ಗುಪ್ತಲಿಪಿ, ಚಿತ್ರದೊಳಗೆ ಅಡಗಿದ ಅಂಕಿ, ಏನು ಬೇಕಾದರೂ ಇರಬಹುದು. ಶನಿವಾರ ರಾತ್ರಿ ಊಟದ ಮೇಜಿನ ಮೇಲೆ ತಲೆ ಕೆರೆದುಕೊಳ್ಳುವುದು, ಭಾನುವಾರ ನಡೆಯುವುದು.

ಒಮ್ಮೆ ಫ್ರಾಂಕ್‌ಫರ್ಟ್‌ನಿಂದ ಯು3 ಹಿಡಿದು ಹೋಹೆಮಾರ್ಕ್‌ಗೆ ಹೋದೆವು. ಅಲ್ಲಿ ರೈಲಿನ ದಾರಿ ಮುಗಿದು ಟೌನುಸ್ ಕಾಡು ಶುರುವಾಗುತ್ತದೆ. ರಾತ್ರಿಯೇ ಉತ್ತರ ಸರಿ ಎಂದು ಇಂಟರ್ನೆಟ್‌ನಲ್ಲಿ ತಾಳೆ ನೋಡಿದ್ದೆವು. ಕಾಡಿನ ಬಾಯಲ್ಲಿ ನಿಂತು ಮಗಳು ಚೀಟಿ ನೋಡಿ ಅಂಕಿ ಓದಿದಳು, ನಾನು ಫೋನಿಗೆ ಹಾಕಿದೆ. ನಲವತ್ತು ನಿಮಿಷ ಹುಡುಕಿದೆವು. ಬೇರು, ಪೊಟರೆ, ಕಲ್ಲಿನ ಸಂದಿ, ಎಲ್ಲೂ ಇಲ್ಲ.

ಆಗ ನಾಯಿ ಹಿಡಿದುಕೊಂಡು ಬಂದ ಹಿರಿಯರೊಬ್ಬರು ನಿಂತು, "ಏನಾದರೂ ಹುಡುಕುತ್ತಿದ್ದೀರಾ?" ಎಂದು ಜರ್ಮನ್‌ನಲ್ಲಿ ಕೇಳಿದರು. ನಿಜ ಹೇಳುತ್ತೇನೆ, ನನ್ನ ಕೈ ತಾನಾಗಿಯೇ ವಾಸದ ಪರವಾನಗಿ ಇರುವ ಜೇಬಿಗೆ ಹೋಯಿತು. ಹದಿನಾಲ್ಕು ವರ್ಷ ಈ ದೇಶದಲ್ಲಿ ತೆರಿಗೆ ಕಟ್ಟಿದ ಮೇಲೂ! ಮಗಳು ಮಾತ್ರ ಆರಾಮಾಗಿ ಡಬ್ಬಿಯ ಕತೆ ಹೇಳಿದಳು. ಅವರು ನಕ್ಕು, ಶುಭ ಕೋರಿ ಹೋದರು.

ಮಗಳು ಚೀಟಿಯನ್ನೂ ಫೋನನ್ನೂ ಪಕ್ಕದಲ್ಲಿಟ್ಟು ನೋಡಿದಳು. ಅಕ್ಷಾಂಶದ ಕೊನೆಯ ಮೂರು ಅಂಕಿ ಚೀಟಿಯಲ್ಲಿ 572, ಫೋನಿನಲ್ಲಿ 527. ಅವಳು ಓದಿದ್ದು ಜರ್ಮನ್‌ನಲ್ಲಿ, "ಫ್ಯುನ್ಫ್‌ಹುಂಡರ್ಟ್ ತ್ಸ್ವೈ ಉಂಡ್ ಝೀಬ್‌ತ್ಸಿಶ್". ಐನೂರು, ಎರಡು, ಮತ್ತೆ ಎಪ್ಪತ್ತು. ನಾನು ಕೇಳಿದ ಕ್ರಮದಲ್ಲೇ ಒತ್ತಿದ್ದೆ.

ಅಕೌಂಟೆಂಟ್‌ಗಳಿಗೆ ಇದು ಹಳೆಯ ಕಾಯಿಲೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ, ವ್ಯತ್ಯಾಸ 9ರಿಂದ ಭಾಗವಾದರೆ, ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು ಎಂದು ಹುಡುಕುತ್ತೇವೆ. 572ರಲ್ಲಿ 527 ಕಳೆದರೆ 45. ಅಕ್ಷಾಂಶದ ಒಂದು ಮಿನಿಟಿನ ಸಾವಿರದ ಒಂದು ಭಾಗ ನೆಲದ ಮೇಲೆ ಸುಮಾರು 1.85 ಮೀಟರ್. ಅಂದರೆ ನಾವು 83 ಮೀಟರ್ ದಕ್ಷಿಣದಲ್ಲಿ ಮಣ್ಣು ಕೆದಕುತ್ತಿದ್ದೆವು. ಉತ್ತರಕ್ಕೆ ನಡೆದೆವು. ಬಿದ್ದ ಮರದ ಕೆಳಗೆ ಡಬ್ಬಿ ಇತ್ತು.

ಅವತ್ತೇ ಮನೆಯಲ್ಲಿ ಒಂದು ಕಾನೂನು ಬಂತು: ಅಂಕಿ ಓದುವುದು ಕನ್ನಡದಲ್ಲಿ ಮಾತ್ರ. ಅದನ್ನು ಮಾಡಿದವಳು ಮಗಳೇ. "ಅಪ್ಪ, ನಿನ್ನ ಜರ್ಮನ್ ನಂಬಕ್ಕಾಗಲ್ಲ" ಅಂದಳು. ಅವಳಿಗೆ ಅರವತ್ತೊಂಬತ್ತಕ್ಕೂ ಎಪ್ಪತ್ತೊಂಬತ್ತಕ್ಕೂ ಗೊಂದಲವಿತ್ತು. ಈಗ ಇಲ್ಲ. ಕನ್ನಡ ಕಲಿ ಎಂದು ಬೈದಾಗ ಬಾರದ್ದು, ಕನ್ನಡದಿಂದ ಕೆಲಸ ಆಗಬೇಕಾದಾಗ ಬಂತು.

ಈಗ ನಾವೇ ಒಂದು ಡಬ್ಬಿ ಇಡಲು ಹೊರಟಿದ್ದೇವೆ. ಒಗಟು ಕಟಪಯಾದಿಯದು. ಮೇಳಕರ್ತ ರಾಗದ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಅದರ ಸಂಖ್ಯೆ ಅಡಗಿರುತ್ತದಲ್ಲ, ಅದು. ಧೀರಶಂಕರಾಭರಣದಲ್ಲಿ ಧ ಅಂದರೆ 9, ರ ಅಂದರೆ 2. ತಿರುಗಿಸಿದರೆ 29. ಮೇಚಕಲ್ಯಾಣಿಯಲ್ಲಿ 5, 6. ತಿರುಗಿಸಿದರೆ 65. ಇದನ್ನು ವಿವರಿಸಿದಾಗ ಮಗಳು ಬಿದ್ದು ಬಿದ್ದು ನಕ್ಕಳು. "ಬಿಡಿ ಮೊದಲು, ಹತ್ತು ಆಮೇಲೆ! ಅಪ್ಪ, ಇದು ಜರ್ಮನ್ ಥರಾನೇ ಇದೆ!"

ಡಬ್ಬಿ ಇಡುವುದಕ್ಕೆ ನಿಯಮಗಳಿವೆ. ಜಾಗದ ಒಡೆಯರ ಒಪ್ಪಿಗೆ ಬೇಕು, ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರವಿರಬೇಕು, ಒದ್ದೆಯಾದರೆ ಹೋಗಿ ಚೀಟಿ ಬದಲಿಸಬೇಕು. ಅಂದರೆ ಇಲ್ಲೇ ಇದ್ದು ನೋಡಿಕೊಳ್ಳುವವರು ಇಡಬೇಕು. ಆ ಷರತ್ತು ಓದಿದಾಗ ಒಂದು ಕ್ಷಣ ಸುಮ್ಮನಾದೆ. ಇಷ್ಟು ವರ್ಷ ನಾನು ಈ ಕಾಡುಗಳಲ್ಲಿ ಹುಡುಕುವವನಷ್ಟೇ ಆಗಿದ್ದೆ. ಇನ್ನು ಇಟ್ಟವನೂ ಆಗುತ್ತೇನೆ.

ಮುಂದಿನ ಭಾನುವಾರ ನೀವೂ ಹೊರಡಿ. ಕತ್ತಲಾಗುವ ಮೊದಲು ಕಾಡಿನಿಂದ ಹೊರಬನ್ನಿ, ಮನೆಗೆ ಬಂದ ಮೇಲೆ ಕಾಲಿಗೆ ಉಣ್ಣಿ ಹತ್ತಿದೆಯೇ ನೋಡಿಕೊಳ್ಳಿ. ಅಂಕಿಗಳನ್ನು ಮಾತ್ರ ಮಕ್ಕಳ ಕೈಲಿ ಕನ್ನಡದಲ್ಲಿ ಓದಿಸಿ.